ಮಗ್ಗ ನಿಲ್ಲಿಸಿ ಕೇಳಿದವರು

ಇಳಕಲ್ಲಿನ ನೇಕಾರ ಹೆಂಗಸರ ಬದುಕನ್ನು ಅವರ ಬಾಯಿಂದಲೇ ಕೇಳಿ ಬರೆಯಲು ಧಾರವಾಡದ ಕಾಲೇಜಿನಿಂದ ಒಬ್ಬರು ಉಪನ್ಯಾಸಕಿ ಬಾಯಾರು ಟೇಪ್ ರೆಕಾರ್ಡರ್ ಹಿಡಿದು ಬರುತ್ತಿದ್ದರು. ಸೆರಗಿನಿಂದ ಅದರ ಧೂಳು ಒರೆಸಿ, "ಅಣ್ಣಾರ, ಮಗ್ಗ ನಿಲ್ಲಸ್ರಿ, ಅಕ್ಕಾರ ದನಿ ಕೇಳಸವಲ್ದು" ಎನ್ನುವರು. ಯಾರಿಗೂ ಮಗ್ಗ ನಿಲ್ಲಿಸದ ನಾನು ಅವರಿಗೆ ನಿಲ್ಲಿಸುತ್ತಿದ್ದೆ. ಕಂಡಿಕೆಗೆ ನೂಲು ಸುತ್ತುತ್ತ ನನ್ನ ಹೆಂಡತಿ ಏನು ಹೇಳಿದರೂ ಅವರದು ಒಂದೇ ಮಾತು: "ಆವಾಗ ನಿಮಗ ಹೆಂಗ ಅನಸ್ತು?"

"ಇಷ್ಟ ವರ್ಷದಾಗ ಇದನ್ನ ಯಾರೂ ಕೇಳಿದ್ದಿಲ್ಲ ನೋಡವ್ವಾ," ಎಂದು ಆಕೆ ನಕ್ಕಿದ್ದಳು.

ಅದೇ ವರ್ಷ ಚಳಿಗಾಲದಲ್ಲಿ ಹೆಂಡತಿ ತೀರಿಕೊಂಡಳು. ಅವಳ ದನಿ ಕೇಳಲು ಧಾರವಾಡಕ್ಕೆ ಹೋದೆ. ಬಾಯಾರು ತಲೆ ತಗ್ಗಿಸಿದರು.

"ಬರಕೊಂಡ ಮ್ಯಾಲೆ ಅದ ಕ್ಯಾಸೆಟ್ಟಿನಾಗ ಮುಂದಿನ ಊರಿಂದು ತುಂಬತೇವ್ರಿ ಅಣ್ಣಾರ, ಮೊದಲಿಂದು ಅಳಿಸಿ ಹೋಗತೈತಿ."

"ಇರಲಿ, ಒಮ್ಮಿ ಹಚ್ಚರಿ," ಎಂದೆ.

ಹುನಗುಂದದ ಯಾರೋ ಹೆಂಗಸು ಮಾತಾಡುತ್ತಿದ್ದಳು. ನಡುವೆ ಬಾಯಾರ ದನಿ ಬಂತು: "ಆವಾಗ ನಿಮಗ ಹೆಂಗ ಅನಸ್ತು?"