ಸುರಪುರಕ್ಕೆ ಬೇಸಿಗೆಗೆ ಬರುತ್ತಿದ್ದವರು

ಅಕ್ಕೋರು ನಡೆಯುವಾಗ ಕಾಲಿನ ಬೆರಳುಗಳನ್ನು ಅಗಲಿಸಿ ನೆಲಕ್ಕೆ ಊರುತ್ತಿದ್ದರು. ಸುರಪುರದ ನಮ್ಮ ಓಣಿಯ ಹಾಸುಗಲ್ಲಿನ ಮೇಲೂ ಹಾಗೆಯೇ. ಅವರ ಚಪ್ಪಲಿ ಹಿಮ್ಮಡಿಯಲ್ಲಲ್ಲ, ಬೆರಳಿನ ಹತ್ತಿರ ಸವೆಯುತ್ತಿತ್ತು. "ಮರಳಲ್ಲಿ ನಡೆಯಲು ಕಲಿತ ಕಾಲು ಮಾರಾಯ್ತಿ, ಕಲ್ಲಿನ ಮೇಲೂ ಮರಳೇ ಹುಡುಕ್ತದೆ" ಎಂದು ನಗುತ್ತಿದ್ದರು.

ಹೊನ್ನಾವರದ ಆಚೆ, ಸಮುದ್ರದ ದಂಡೆಯ ಸಣ್ಣ ಊರು ಅವರದು. ಹರೆಯದಲ್ಲಿ ಸರಕಾರಿ ಶಾಲೆಯ ಕೆಲಸ ಸಿಕ್ಕು ನಮ್ಮ ಕಡೆ ಬಂದರು. ಮದುವೆಯಾಗಲಿಲ್ಲ. ನಮ್ಮ ಪಕ್ಕದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದುಕೊಂಡೇ ನೌಕರಿ ಮುಗಿಸಿದರು. ತಮ್ಮೂರಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆಂದು ಅವರು ಒಮ್ಮೆ ಹೇಳಿದ್ದಕ್ಕೆ ಓಣಿಯೆಲ್ಲ ಹಾಗೇ ಕರೆಯಿತು.

ಸಂಜೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಒಲೆಯ ಮುಂದೆ ಬಂದು ಕೂರುತ್ತಿದ್ದರು. ಬಿಸಿ ರೊಟ್ಟಿ ಅವರಿಗೆ, ಸಮುದ್ರದ ಸುದ್ದಿ ನನಗೆ. ನಾನು ಕೇಳುತ್ತಿದ್ದುದೆಲ್ಲ ದಡ್ಡ ಪ್ರಶ್ನೆಗಳೇ. ಸಮುದ್ರಕ್ಕೆ ಒಡ್ಡು ಇರುತ್ತದೆಯೇ, ಮಲಗಿದಾಗ ಮನೆಯೊಳಗೆ ಬಂದರೆ ಏನು ಮಾಡುತ್ತೀರಿ, ಅಷ್ಟು ನೀರಿದ್ದೂ ಹೊಲಕ್ಕೆ ಬಿಡಲು ಬರುವುದಿಲ್ಲವೇ.

ನನ್ನ ಅತ್ತೆ ಒಳಗಿನಿಂದ ಗದರುತ್ತಿದ್ದರು. "ಎಷ್ಟ್ ಕೇಳ್ತಿಯವ್ವಾ, ಅಕ್ಕೋರ ಬಾಯಿ ಒಣಗ್ಲಿ ಅಂತ ಮಾಡಿಯೇನು?"

"ಕೇಳ್ಲಿ ಬಿಡ್ರಿ" ಎನ್ನುತ್ತಿದ್ದರು ಅಕ್ಕೋರು. "ಕೇಳಿದ್ರೆ ಬಾಯಿ ಸವೆಯೂದಿಲ್ಲ."

ಹೀಗೆ ಕೇಳಿಸಿಕೊಳ್ಳುವವರು ನನಗೆ ಅದಕ್ಕೆ ಮೊದಲು ಯಾರೂ ಸಿಕ್ಕಿರಲಿಲ್ಲ. ಪಕ್ಕದ ಮನೆಯಲ್ಲೇ ಸಿಕ್ಕರಲ್ಲ, ಅದೂ ದೇವರ ದಯೆ.

ಅಕ್ಕೋರಿಗೆ ನಿವೃತ್ತಿಯಾದಾಗ ಊರಲ್ಲಿದ್ದ ಅವರ ತಮ್ಮ ಫೋನು ಮಾಡಿ ಊರಿಗೆ ಬಂದುಬಿಡು ಎಂದ. ಚಿಕ್ಕಂದಿನಲ್ಲಿ ಅವರು ಮಲಗುತ್ತಿದ್ದ ಸಮುದ್ರದ ಕಡೆಯ ಕೋಣೆ ಹಾಗೇ ಇದೆಯಂತೆ. ಅಕ್ಕೋರು ಆ ಕೋಣೆಯ ಮಾತನ್ನು ನೂರು ಸಲ ಹೇಳಿದ್ದರು. ಸಾಯುವ ಕಾಲಕ್ಕೆ ಅಲ್ಲಿರಬೇಕು ಎನ್ನುವುದೊಂದೇ ಅವರ ಆಸೆ. "ನೀನೂ ಬಾ. ಒಂದು ಸಲ ಕಣ್ಣಾರೆ ನೋಡು, ನನ್ನ ಬಿಟ್ಟು ಬಾ" ಎಂದರು. ನಮ್ಮ ಮನೆಯವರು ಹೂಂ ಅಂದರು. ದೇವರ ಮುಂದೆ ದೀಪ ಹಚ್ಚಿ, ಅಕ್ಕೋರು ಅಲ್ಲಿ ಸುಖವಾಗಿರಲಿ ಎಂದು ಬೇಡಿಕೊಂಡೆ.

ಮೇ ತಿಂಗಳು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟೆವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದಾಗ ಕಿಟಕಿಯ ಸೀಟು ಸಿಕ್ಕಿತು.

ಮನೆ ಮುಟ್ಟಿದರೆ ಅಂಗಳದ ತುಂಬ ಬೇರೆ ಊರಿನ ಕಾರುಗಳು. ಅಕ್ಕೋರ ತಮ್ಮ ಮನೆಯ ಕೋಣೆಗಳನ್ನು ಬೇಸಿಗೆಗೆ ಬರುವವರಿಗೆ ಬಾಡಿಗೆಗೆ ಬಿಟ್ಟಿದ್ದ. ಅಕ್ಕೋರ ಕೋಣೆಯಲ್ಲಿ ಬೆಂಗಳೂರಿನ ಗಂಡ ಹೆಂಡತಿ ಇದ್ದರು. ಕಿಟಕಿಯಲ್ಲಿ ಅವರ ಒದ್ದೆ ಟವೆಲ್ಲು ಒಣಗುತ್ತಿತ್ತು.

"ಎಲ್ಲರೂ ಕೇಳೂದೇ ಆ ಕೋಣೆ ಅತ್ತಿಗೆ, ನಮ್ಮ ವರ್ಷದ ಊಟವೇ ಅದು" ಎಂದಳು ತಮ್ಮನ ಹೆಂಡತಿ. ಕೆಟ್ಟವಳಲ್ಲ. "ಮಳೆ ಹಿಡಿದ ಮೇಲೆ ನಿಮ್ಮದೇ. ಅಲ್ಲೀವರೆಗೆ ಜಗಲಿಯಲ್ಲಿ ಹೊಂದ್ಕೊಳ್ಳಿ."

"ಆತು ತಗೋ, ಎಲ್ಲಿದ್ರೇನು" ಎಂದರು ಅಕ್ಕೋರು.

"ಅಯ್ಯೋ, ಅತ್ತಿಗೆ ಪೂರಾ ಘಟ್ಟದ ಮೇಲಿನವರ ಹಾಗೆ ಮಾತಾಡ್ತಾರೆ" ಎಂದು ಆಕೆ ನಕ್ಕಳು. ಅಕ್ಕೋರೂ ನಕ್ಕರು, ಆದರೆ ಸ್ವಲ್ಪ ತಡವಾಗಿ.

ನಮ್ಮಲ್ಲಿ ಜಗಲಿಯ ಮೇಲೆ ದೇವರನ್ನು ಕೂರಿಸುತ್ತೇವೆ. ಅಲ್ಲಿ ಜಗಲಿ ಎಂದರೆ ಮನೆಯ ಮುಂದಿನ ಕಟ್ಟೆ. ದೇವರ ಜಾಗವೇ ಸಿಕ್ಕಿತೆಂದುಕೊಂಡು ಮಲಗಿದೆ. ಅಕ್ಕೋರು ಬಹಳ ಹೊತ್ತು ಹೊರಳಾಡಿದರು.

ಬೆಳಿಗ್ಗೆ ಸ್ನಾನ ಮಾಡಿ, ಗಂಗಮ್ಮನಿಗೆಂದು ಅರಿಷಿಣ ಕುಂಕುಮ ಹಿಡಿದು ದಂಡೆಗೆ ಹೋದೆ. ಹಿಂದಿನ ರಾತ್ರಿ ತೆಂಗಿನ ಬುಡದವರೆಗೆ ಇದ್ದ ನೀರು ಇರಲಿಲ್ಲ. ಎಲ್ಲೋ ದೂರದಲ್ಲಿ ಬಿಳಿ ಗೆರೆಯಂತೆ ಕಾಣುತ್ತಿತ್ತು. ನಡುವೆ ಬರೀ ಹಸಿ ಮರಳು. ನಮ್ಮ ಕಡೆ ನೀರು ಹೀಗೆ ಹಿಂದೆ ಸರಿದರೆ ಅರ್ಥ ಒಂದೇ. ಓಡಿ ಬಂದೆ.

"ಅಕ್ಕೋರೆ, ಸಮುದ್ರ ಬತ್ತಿ ಹೋಗ್ಯಾದ್ರಿ."

ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ಬೇಸಿಗೆಯವರೆಲ್ಲ ಗೊಳ್ಳೆಂದು ನಕ್ಕರು. ಅಕ್ಕೋರು ನಗಲಿಲ್ಲ. ನನ್ನ ಕೈ ಹಿಡಿದು ದಂಡೆಗೆ ಕರೆದೊಯ್ದು, "ಇಲ್ಲೇ ಕೂತ್ಕೋ. ಮಧ್ಯಾಹ್ನಕ್ಕೆ ಬರ್ತದೆ ನೋಡು" ಎಂದರು. ತಾವೂ ಕೂತರು. ಹೋದ ನೀರು ಮಳೆಯಿಲ್ಲದೆ ತಿರುಗಿ ಬರುವುದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅದು ಒಂದು ಮೊಳ ಬಂದು ಅರ್ಧ ಮೊಳ ಹಿಂದೆ ಹೋಗುತ್ತ, ಮುಜುಗರದ ನೆಂಟರ ಹಾಗೆ ಬಂತು.

ಅಲ್ಲಿ ಕೂತು ಸುತ್ತ ನೋಡಿದೆ. ಹಳೆಯ ಮನೆಗಳೆಲ್ಲ ಸಮುದ್ರಕ್ಕೆ ಬೆನ್ನು ಮಾಡಿದ್ದವು, ಹೊಸ ಲಾಡ್ಜುಗಳೆಲ್ಲ ಮುಖ ಮಾಡಿದ್ದವು.

"ಈ ಊರವ್ರು ಇತ್ಲಾಗ ನೋಡೋದೇ ಇಲ್ಲೇನ್ರಿ?"

"ಗಾಳಿ ಉಪ್ಪು ಮಾರಾಯ್ತಿ, ಬಾಗಿಲಿಗೆ ತಾಗ್ತದೆ. ನನ್ನ ತಮ್ಮ ನೀರಿಗೆ ಕಾಲಿಟ್ಟು ಎಷ್ಟು ವರ್ಷವಾಯ್ತೋ. ಅವನಿಗೆ ಮೀನು ಪೇಟೆ ಬೇಕು, ದೇವಸ್ಥಾನದ ಕಟ್ಟೆ ಬೇಕು. ನಿದ್ದೆಗೆ ಮಾತ್ರ ಈ ಸದ್ದು ಬೇಕು. ಹುಬ್ಬಳ್ಳಿಗೆ ಹೋದ್ರೆ ಒಂದು ರಾತ್ರಿ ನಿಲ್ಲೂದಿಲ್ಲ."

ಅಷ್ಟರಲ್ಲಿ ಒಬ್ಬ ಬಂದು ಅಕ್ಕೋರ ಮುಂದೆ ನಿಂತ. "ಎಲ್ಲಿಂದ ಬಂದದ್ದು ಅಮ್ಮಾ? ರೂಮು ಬೇಕಾ? ಸಮುದ್ರ ಕಾಣೂದೇ ಉಂಟು."

ಅವರು ಹುಟ್ಟಿದ ಊರು. ಈಗ ಅವರ ಬಾಯಿಂದ ಏನು ಬರುತ್ತದೋ ಎಂದು ನಾನು ಅವರ ಕಡೆ ತಿರುಗಿದೆ.

"ಸುರಪುರದಿಂದ" ಎಂದರು. ಅವನು ಹೋದ ಮೇಲೆ ಬೆರಳಿನಿಂದ ಮರಳು ಕೆದಕುತ್ತ ಕೂತರು.

ನಾನು ಬಾಯಿ ತಡೆಯಲಿಲ್ಲ. "ತಿರುಗಿ ನಡೀರಿ ಅಕ್ಕೋರೆ. ನಮ್ಮ ಮನ್ಯಾಗ ಜಾಗ ಇಲ್ಲೇನು?"

"ಇಲ್ಲ. ನಾ ಬರೂದಿಲ್ಲ. ಮಳೆಗಾಲದ ಸಮುದ್ರ ನೀ ಕಂಡಿಲ್ಲ. ಅದು ಬಾಡಿಗೆಯವರಿಗೆ ಬೇಡ. ಅದಿಡೀ ನಂದು." ಕೈಯ ಮರಳು ಕೊಡವಿ ಕೇಳಿದರು, "ಮೇ ತಿಂಗಳೊಂದು ನಿನ್ನ ಮನೆಗೆ ಬರಲಾ?"

ಹಾಗೆ, ಹರಕೆ ತೀರಿಸುವವರಂತೆ ಪ್ರತಿ ಬೇಸಿಗೆಗೆ ಬಂದರು. ನಮ್ಮೂರ ಮೇ ಬಿಸಿಲಿಗೆ ನಾಯಿಗಳೂ ಗಟಾರ ಬಿಟ್ಟು ಏಳುವುದಿಲ್ಲ. ಓಣಿಯವರು, "ಅಕ್ಕೋರೆ, ಮಂದಿ ಸಮುದ್ರಕ್ಕ ಹೋಗ್ತಾರ, ನೀವೇನ್ರಿ ಹಂಚಿನ ಮ್ಯಾಲ ಬಂದು ಕುಂದ್ರಾಕತ್ತೀರಿ" ಎಂದು ಚಾಷ್ಟಿ ಮಾಡುತ್ತಿದ್ದರು. "ನಿಮ್ಮೂರ ಸೀಸನ್ನು ನಾನೊಬ್ಬಳೇ" ಎನ್ನುತ್ತಿದ್ದರು ಅವರು. ಮಾಳಿಗೆಯ ಮೇಲೆ ಮಲಗಿ ನಕ್ಷತ್ರ ನೋಡುವುದು, ಉಪ್ಪಿನಕಾಯಿ, ಕಡಕ್ ರೊಟ್ಟಿ, ಎಲ್ಲವನ್ನೂ ಈಗ ಹೊಸದಾಗಿ ಕಂಡವರಂತೆ ಹೊಗಳುತ್ತಿದ್ದರು. ಒಮ್ಮೆ ಬೋನಾಳದ ಕೆರೆಗೆ ಕರೆದುಕೊಂಡು ಹೋದೆ. ನೀರು ದೂರ ಸರಿದಿತ್ತು, ಕೆಸರಿನಲ್ಲಿ ಹಕ್ಕಿಗಳು ನಿಂತಿದ್ದವು.

"ಇದು ಮಧ್ಯಾಹ್ನಕ್ಕೆ ಬರ್ತದಾ?" ಎಂದು ಗಂಭೀರವಾಗಿ ಕೇಳಿದರು.

"ಬರ್ತದ್ರಿ. ಮಳಿಗಾಲದ ತನಕ ಕುಂದ್ರಬೇಕು ಅಷ್ಟ."

ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಹೋದ ಮಳೆಗಾಲದಲ್ಲಿ, ಸಮುದ್ರದ ಕಡೆಯ ಆ ಕೋಣೆಯಲ್ಲೇ, ಅಕ್ಕೋರು ನಿದ್ದೆಯಲ್ಲೇ ಹೋದರು. ಕಿಟಕಿ ತೆರೆದೇ ಇತ್ತಂತೆ. ಅವರ ಆಸೆಯಂತೆ ಆಯಿತು. ಅದಕ್ಕಿಂತ ಹೆಚ್ಚು ನಾನು ದೇವರನ್ನು ಕೇಳಲಾರೆ.

ಬೇಸಿಗೆ ಬಂತು. ನಾನು ಅಭ್ಯಾಸಬಲದಿಂದ ಅಕ್ಕೋರು ಹಾಸಿಕೊಳ್ಳುತ್ತಿದ್ದ ಕೌದಿ ತೊಳೆದು ಮಾಳಿಗೆಯ ಮೇಲೆ ಹರವಿದ್ದೆ. ತಮ್ಮನ ಹೆಂಡತಿಯ ಫೋನು ಬಂತು. "ಆ ಕೋಣೆ ಈ ಸಲ ಯಾರಿಗೂ ಕೊಡ್ಲಿಲ್ಲ. ತಾನು ಇಲ್ಲದಿದ್ರೆ ಸೀಸನ್ನಿಗೆ ನೀವು ಒಬ್ಬರೇ ಆಗ್ತೀರಂತೆ, ಅತ್ತಿಗೆ ಹೇಳ್ತಿದ್ರು. ನೀವೇ ಬನ್ನಿ."

ಹೋದೆ. ನೀರು ಇಳಿದಿತ್ತು. ಚಪ್ಪಲಿ ಕಳಚಿ, ಬೆರಳು ಊರಿ ನಡೆದು ಅದೇ ಜಾಗದಲ್ಲಿ ಕೂತೆ. ಆ ಮನುಷ್ಯ ಮತ್ತೆ ಬಂದ. "ಎಲ್ಲಿಂದ ಬಂದದ್ದು ಅಮ್ಮಾ? ರೂಮು ಬೇಕಾ?"

"ಬ್ಯಾಡಪ್ಪಾ" ಎಂದೆ. "ಇಲ್ಲಿ ನಮ್ಮ ಅಕ್ಕೋರ ಕೋಣಿ ಅದ."