ಅಂಗೈ ಒರೆಸಿದ ಮೀಸೆ

ಬಲಗೈ ಇರಬೇಕು. ಅಥವಾ ಎಡಗೈ. ಬೋರ್ಡಿನ ಗಾಜಿನ ಮೇಲೆ ಆ ಹುಡುಗಿಯ ಅಂಗೈ ಹರಿದದ್ದು ನನ್ನ ಕಣ್ಣಿನಲ್ಲಿದೆ. ಆದರೆ ಒಮ್ಮೆ ನಿಧಾನವಾಗಿ ಹರಿಯುತ್ತದೆ, ಇನ್ನೊಮ್ಮೆ ಸರಕ್ಕನೆ. ಅದಕ್ಕಿಂತ ಹೆಚ್ಚಿನ ತೊಂದರೆ ಎಂದರೆ, ಆಗ ನಾನು ತರಗತಿಯ ಹಿಂದುಗಡೆ ನಿಂತಿದ್ದೆ. ಅಲ್ಲಿಂದ ಅವಳ ಬೆನ್ನು ಮಾತ್ರ ಕಾಣಬೇಕಿತ್ತು. ಹಾಗಿದ್ದರೆ ಈ ಕೈಯನ್ನು ನಾನು ಎಲ್ಲಿಂದ ತಂದೆ?

ಖಚಿತವಾಗಿ ಗೊತ್ತಿರುವಷ್ಟನ್ನು ಮೊದಲು ಹೇಳುತ್ತೇನೆ. ದೆಹಲಿಯ ಆರ್.ಕೆ.ಪುರಂ ಹತ್ತಿರದ ಒಂದು ಶಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ದೀಪಾವಳಿ ಮುಗಿದು ಹೊಗೆ ನೆಲಕ್ಕೆ ಕೂತ ವಾರ. ಕಿಟಕಿಗಳನ್ನೆಲ್ಲ ಮುಚ್ಚಿ ಗಾಳಿ ಸೋಸುವ ಯಂತ್ರ ಹಾಕಿದ್ದರು. ಮುಚ್ಚಿದ ಕೋಣೆಯಲ್ಲಿ ಚಾರ್ಕೋಲ್ ಇದ್ದಿಲಿನ ಪುಡಿ ಹಾರುವುದು ಬೇಡ ಎಂದು ಆಫೀಸಿನಿಂದ ಹೇಳಿಕಳುಹಿಸಿದರು. ಹಾಗಾಗಿ ಮಕ್ಕಳು ಚಾರ್ಕೋಲ್ ಬಿಟ್ಟು ಹೊಸ ಟಚ್ ಬೋರ್ಡಿಗೆ ಬಂದರು. ಅದರ ಮೇಲೆ ಬೆರಳಿಟ್ಟರೆ ಗೆರೆ ಮೂಡುತ್ತದೆ, ಅಂಗೈ ತಾಗಿದರೆ ಡಸ್ಟರಿನ ಹಾಗೆ ಅಳಿಸುತ್ತದೆ. ಆದರೆ ಚಾರ್ಕೋಲಿನಲ್ಲಿ ನೆರಳು ಹಾಕುವುದೇ ಅಂಗೈಯಿಂದ. 'ಹೆದರಬೇಡಿ, ಉಜ್ಜಿ' ಎಂದು ಮಳೆಗಾಲದಿಂದ ಹೇಳುತ್ತ ಬಂದವಳು ನಾನು.

ಅಂದಿನ ಅಭ್ಯಾಸ, ನೆನಪಿನಿಂದ ಒಂದು ಮುಖ. ಆರನೇ ತರಗತಿಯ ಆ ಹುಡುಗಿ ಕೊಡಗಿನವಳು, ತಂದೆ ಸೈನ್ಯದಲ್ಲಿ. ಫೋನು ಸರಿಯಾಗಿ ಸಿಗದ ಎಲ್ಲೋ ಎತ್ತರದ ಜಾಗದಲ್ಲಿ ಪೋಸ್ಟಿಂಗ್. ಹಿಂದಿನ ರಜೆಗೆ ಬಂದಾಗ ರೈಲ್ವೆ ಸ್ಟೇಷನ್ನಿನಲ್ಲಿ ಇವಳು ಅವರನ್ನು ಗುರುತಿಸದೆ ದಾಟಿಕೊಂಡೇ ಹೋಗಿದ್ದಳಂತೆ. ಮನೆಯಲ್ಲಿ ಅದೊಂದು ತಮಾಷೆ. ಅವಳಿಗೆ ಮಾತ್ರ ತಮಾಷೆಯಾಗಿರಲಿಲ್ಲ.

"ಪಪ್ಪಾನ ಬರೀತೀನಿ ಮ್ಯಾಮ್," ಎಂದಳು.

"ಫೋಟೋ ನೋಡಿದ್ಯಾ ಬೆಳಗ್ಗೆ?"

"ಇಲ್ಲ. ನೋಡಿದ್ರೆ ಚೀಟಿಂಗ್ ನಾ. ನಂಗೆ ಯಾದ್ ಹೈ, ನೆನಪಿದೆ."

ಅವಳು ಬರೆದಳು. ಮೊದಲು ಮೀಸೆ, ಆಮೇಲೆ ಉಳಿದ ಮುಖ ಎಂದು ನನ್ನ ನೆನಪು. ದಪ್ಪ ಮೀಸೆ. ಆಮೇಲೆ ಆ ಅಂಗೈ. ಮೂಗಿನ ಕೆಳಗೆ, ತುಟಿಯ ಮೇಲೆ. ನೆರಳು ಬೀಳುವ ಜಾಗವೂ ಅದೇ. ಮೀಸೆ ಹೋಯಿತು.

"ಅರೇ, ಅಂಕಲ್ ಕೀ ಮೂಛ್ ಗಾಯಬ್," ಎಂದ ಮುಂದಿನ ಬೆಂಚಿನ ಒಬ್ಬ. "ಸಿಪಾಯಿ ಸೇ ಸೀಧಾ ಹೀರೋ."

ತರಗತಿ ನಕ್ಕಿತು. ಅವಳೂ ನಕ್ಕಳು ಎಂದು ಬಹಳ ದಿನ ನಂಬಿದ್ದೆ. ನಾನು ಹೋಗಿ ಅಳಿಸಿದ್ದನ್ನು ವಾಪಸ್ ತರುವ ಗುಂಡಿ ಒತ್ತಿದೆ. ಮೀಸೆ ಇದ್ದ ಹಾಗೇ ಬಂದು ಕೂತಿತು.

"ಕೈ ತಾಗ್ತಾ ಪುಟ್ಟಾ? ಅಥವಾ ನೀನೇ ಅಳಿಸಿದ್ಯಾ?"

"ಶೇಡಿಂಗ್ ಮಾಡ್ತಿದ್ದೆ," ಎಂದಳು. "ಬೇಡ ಮ್ಯಾಮ್, ರಹನೇ ದೀಜಿಯೇ," ಎಂದು ತನ್ನ ಜಾಗಕ್ಕೆ ಹೋಗಿ ಕೂತಳು. ಆಮೇಲಿನ ತರಗತಿಗಳಲ್ಲಿ ಅವಳು ಹೂಕುಂಡ ಬರೆದಳು, ಚೌಕ ಬರೆದಳು, ಮುಖ ಮಾತ್ರ ಬರೆಯಲಿಲ್ಲ.

ಪೋಷಕರ ಸಭೆಗೆ ಅವಳ ತಾಯಿ ಬಂದರು. ಗಂಡನಿಗೆ ಕಳಿಸಲಿಕ್ಕಾದೀತು ಎಂದು ನಾನೇ ಉತ್ಸಾಹದಿಂದ ಆ ಚಿತ್ರವನ್ನು ನನ್ನ ಫೋನಿನಲ್ಲಿ ತೋರಿಸಿದೆ. ಅವರು ನಗುತ್ತಲೇ ನೋಡಿದರು. ಆಮೇಲೆ ಹೆಬ್ಬೆರಳನ್ನು ಮೀಸೆಯ ಮೇಲೆ ಅಡ್ಡ ಇಟ್ಟರು.

"ಮೇಡಂ, ಇದು ಅವರಲ್ಲ. ಇದು ನನ್ನ ತಮ್ಮ."

ತಮ್ಮ ಎಂದರೆ ಗುರುಗ್ರಾಮದಲ್ಲಿ ಕೆಲಸ ಮಾಡುತ್ತ ಇವರ ಮನೆಯಲ್ಲೇ ಇರುವವನು. ಬೆಳಗ್ಗೆ ಹುಡುಗಿಯನ್ನು ಶಾಲೆಯ ಬಸ್ಸಿಗೆ ಹತ್ತಿಸುವವನು. ದಿನವೂ ಕಾಣುವ, ಮೀಸೆಯಿಲ್ಲದ ಮುಖ.

"ಅವಳಿಗೆ ಗೊತ್ತಾ?" ಎಂದು ಕೇಳಿದೆ.

"ನೀವು ಹೇಳಿದ್ರಾ?"

"ಇಲ್ಲ."

"ನಾನೂ ಹೇಳಲ್ಲ. ಅವರಿಗೆ ಕಳಿಸ್ಬೇಡಿ, ಪ್ಲೀಸ್. ಈ ಸಲ ಬಂದಾಗ ಸ್ಟೇಷನ್ನಿಗೆ ತಾನೇ ಮೊದಲು ಓಡಿ ಹೋಗ್ತೀನಿ ಅಂತ ಕೂತಿದಾಳೆ."

ಬೋರ್ಡು ಅಂದಿನ ಪಾಠವನ್ನು ಉಳಿಸಿಕೊಂಡಿದೆ. ಗೆರೆಗಳನ್ನು ಬಿದ್ದ ಕ್ರಮದಲ್ಲಿಯೇ ಮತ್ತೆ ತೋರಿಸುತ್ತದೆ. ಖಾಲಿ ತರಗತಿಯಲ್ಲಿ ಅದನ್ನು ಹಾಕಿ ನೋಡಿದ್ದೇನೆ. ಮೊದಲು ಮೂಡುವುದು ಕಿವಿ. ಮೀಸೆ ಬರುವುದು ಎಲ್ಲದರ ಕೊನೆಗೆ, ಮುಖ ಮುಗಿದ ಮೇಲೆ, ಅಂಟಿಸಿದ ಹಾಗೆ. ಅಷ್ಟರ ಮಟ್ಟಿಗೆ ನನ್ನ ನೆನಪು ಪೂರ್ತಿ ತಪ್ಪು. ಆಮೇಲೆ ಮೀಸೆ ಮಾಯವಾಗುತ್ತದೆ, ಬೋಳು ತುಟಿಯ ಮುಖ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ, ಆಮೇಲೆ ನಾನು ಒತ್ತಿದ ಗುಂಡಿ. ಬೋರ್ಡು ಕೈಯನ್ನು ತೋರಿಸುವುದಿಲ್ಲ. ಗೆರೆ ಹೋದದ್ದನ್ನು ತೋರಿಸುತ್ತದೆ, ಯಾಕೆ ಹೋಯಿತು ಎಂಬುದನ್ನಲ್ಲ. ನನ್ನ ನೆನಪಿನ ಅಂಗೈಯನ್ನು ನಾನು ಈ ರೆಕಾರ್ಡಿಂಗ್ ನೋಡಿ ನೋಡಿಯೇ ಕಟ್ಟಿಕೊಂಡೆನೋ ಏನೋ.

ವರ್ಷದ ಕೊನೆಗೆ ತಂದೆಗೆ ವರ್ಗವಾಗಿ ಅವಳು ಶಾಲೆ ಬಿಟ್ಟು ಹೋದಳು. ತಂದೆಯ ರಜೆ ಅದಕ್ಕೂ ಆಮೇಲೆ ಇತ್ತು. ಅಂದು ಅವಳು ನಾನು ಕಲಿಸಿದಂತೆ ನೆರಳು ಹಾಕುತ್ತಿದ್ದಳೋ, ತಾಯಿಗೆ ಕಂಡದ್ದು ತನಗೂ ಕಂಡು ಒರೆಸಿದಳೋ, ನನಗೆ ಗೊತ್ತಿಲ್ಲ. ಸ್ಟೇಷನ್ನಿನಲ್ಲಿ ಅವಳು ಯಾರ ಕಡೆಗೆ ಓಡಿದಳು ಎಂಬುದೂ ಗೊತ್ತಿಲ್ಲ.