ಮುದ್ದೆ ತಿರುವುವಾಗ ಆಡಿದ ಮಾತು

ಮದ್ದೂರಿನ ಆ ಮನೆಯಲ್ಲಿ ಭಾನುವಾರ ಶುರುವಾಗುತ್ತಿದ್ದುದೇ ಅಮೆರಿಕದ ಬಾಸ್ಕೆಟ್‌ಬಾಲ್‌ನಿಂದ. ಅಲ್ಲಿ ರಾತ್ರಿಯ ಆಟ, ಇಲ್ಲಿ ಬೆಳಗಿನ ಟಿವಿ. ಬುದ್ಧನ ಪಟದ ಕೆಳಗೆ ಟಿವಿ, ಅದರ ಮುಂದೆ ಸಿದ್ದೇಶ ಮತ್ತು ಅವನ ಗೆಳೆಯ ಪುಟ್ಟರಾಜು. ಒಳಗೆ ಒಲೆಯ ಮುಂದೆ ಸಿದ್ದೇಶನ ಹೆಂಡತಿ ಮಂಜುಶ್ರೀ.

ಮೂವರೂ ಮಂಡ್ಯದ ಕಾಲೇಜಿನಲ್ಲಿ ಒಂದೇ ಅಂಕಣದಲ್ಲಿ ಆಡಿದವರು. ತನ್ನೂರು ಹೊಳಲಿನಿಂದ ಮೊದಲ ಬಸ್ಸಿಗೇ ಬಂದು ಎಲ್ಲರಿಗಿಂತ ಮುಂಚೆ ಚೆಂಡು ಹಿಡಿಯುತ್ತಿದ್ದವಳು ಮಂಜುಶ್ರೀ. ಮದುವೆಯಾದ ಮೇಲೆ ಅವಳ ಬೂಟು ಅಟ್ಟ ಸೇರಿತು. ಸಿದ್ದೇಶನ ಬೂಟನ್ನು ಅವಳೇ ಉಜ್ಜಿ ಬಿಸಿಲಿಗಿಡುತ್ತಿದ್ದಳು. ಆಗ ‘ಮಂಜಿ’ ಎನ್ನುತ್ತಿದ್ದ ಪುಟ್ಟರಾಜು ಈಗ ‘ಅತ್ಗೆ, ಕಾಫಿ’ ಎನ್ನುತ್ತಿದ್ದ.

ಸೀಸನ್ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಅದೇ ಜಗಳ. ಈ ಸಲದ ಅತ್ಯುತ್ತಮ ಐವರು ಯಾರು?

“ಗಡ್ಡಯ್ಯನೇ ಕಣ್ಲಾ ಫಸ್ಟು! ಅವನ ಪಾಯಿಂಟ್ ನೋಡು,” ಎಂದ ಪುಟ್ಟರಾಜು. ಆಟಗಾರರಿಗೆಲ್ಲ ಅವರೇ ಒಂದೊಂದು ಹೆಸರಿಟ್ಟಿದ್ದರು.

“ಬುಡ್ಲಾ, ಅಷ್ಟು ಸಲ ಬಾಲ್ ಕೊಟ್ರೆ ನಿಮ್ಮಜ್ಜಿನೂ ಆಕ್ತಾಳೆ.”

ಮಂಜುಶ್ರೀ ಕುದಿಯುವ ಹಿಟ್ಟಿಗೆ ಕೋಲು ಹಾಕಿ ತಿರುವುತ್ತಾ ತನ್ನಷ್ಟಕ್ಕೆ ಗೊಣಗಿದಳು. “ಗಡ್ಡಯ್ಯಂಗೆ ದಾರಿ ಬಿಡಿಸ್ಕೊಟ್ಟು, ಎದೆ ಮೇಲೆ ಏಟು ತಿಂದು ನಿಲ್ತಾನಲ್ಲ ಆ ಮೋಟ... ಅವನು ಯಾರ ಕಣ್ಗೂ ಬೀಳಲ್ವಾ?”

ಹಾಲ್‌ನಲ್ಲಿ ಸಿದ್ದೇಶ ಅದನ್ನೇ ಹೇಳಿದ. ಅದೇ ಮಾತು, ಅದೇ ಕ್ರಮ. ಕೋಲಿನ ಹಿಡಿತ ಬದಲಿಸಲು ಅವಳು ನಡುವೆ ಮಾತು ನಿಲ್ಲಿಸಿದ್ದಳಲ್ಲ, ಅವನೂ ಅಲ್ಲೇ ನಿಲ್ಲಿಸಿದ.

ಇದು ಮೊದಲ ಸಲವಲ್ಲ. ಕೇಳಿಸಿಕೊಂಡಿರಬಹುದು ಎಂದುಕೊಂಡು ಒಮ್ಮೆ ಬಾಗಿಲು ಹಾಕಿ, ಮಿಕ್ಸಿ ತಿರುಗಿಸುತ್ತಾ ಪಿಸುಗುಟ್ಟಿ ನೋಡಿದ್ದಳು. ಆಗಲೂ ಅವಳ ತೀರ್ಪು ಅವನ ಬಾಯಿಂದಲೇ ಬಂತು. ಅವನು ಹೇಳಿದಷ್ಟೂ ಅವಳ ದನಿ ಕುಗ್ಗುತ್ತಿತ್ತು. ಮೊನ್ನೆ ಸೊಪ್ಪಿನವಳು ಕೇಳಿದ್ದಳು, “ಯಾಕಮ್ಮಾ, ಗಂಟ್ಲು ಕಟ್ಕಂಡದಾ?” ಇವಳಿಗೆ ಉತ್ತರಿಸಲು ಉಸಿರು ಮಾತ್ರ ಬಂದಿತ್ತು.

“ಏನ್ ಕಣ್ಣಪ್ಪಾ ನಿಂದು!” ಪುಟ್ಟರಾಜು ತೊಡೆ ತಟ್ಟಿದ. ಅವನು ಊರಿನ ಕ್ಲಬ್ಬಿನ ಕಾರ್ಯದರ್ಶಿ. “ನಾಳೆಯಿಂದ ಎಣ್ಮಕ್ಳ ಟೀಮಿಗೆ ನೀನೇ ಕೋಚು. ಬೇರೆ ಮಾತೇ ಇಲ್ಲ.”

ಅಡುಗೆಮನೆಯಲ್ಲಿ ಕೋಲು ನಿಂತಿತು. ಕ್ಲಬ್ಬಿಗೆ ಕೋಚ್ ಬೇಕಂತೆ ಎಂದು ಕಿವಿಗೆ ಬಿದ್ದ ದಿನದಿಂದ ಅವಳು ಅದೊಂದನ್ನೇ ಬಯಸಿದ್ದಳು. ಬಾಯಿ ಬಿಟ್ಟರೆ ಆ ಮಾತೂ ಅವನದಾಗುತ್ತದೆ. ಬಿಡದಿದ್ದರೆ ಕೆಲಸವೇ ಅವನದಾಗುತ್ತದೆ.

ಹಿಟ್ಟು ತಳ ಹಿಡಿಯುವ ವಾಸನೆ ಬಂತು. ಅವಳು ಕದಲಲಿಲ್ಲ. ಪಾತ್ರೆಯ ಮೇಲೆ ಬಾಗಿ, ಹಬೆಯೊಳಗೆ, ಒಂದೊಂದೇ ಮಾತು ಆಡಿದಳು.

ಹಾಲ್‌ನಲ್ಲಿ ಸಿದ್ದೇಶನ ದನಿ ಎದ್ದಿತು. “ಆ ಕಣ್ಣು ಇವ್ರದ್ದಲ್ಲ ಕಣೋ ಪುಟ್ಟ, ನಂದು. ನಾನೇ ಬತ್ತೀನಿ. ನಾನು, ಮಂಜುಶ್ರೀ.”

ನಗಲು ಹೊರಟ ಪುಟ್ಟರಾಜು ಸಿದ್ದೇಶನ ಮುಖ ನೋಡಿ ನಿಂತುಬಿಟ್ಟ. ಸಿದ್ದೇಶ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ಮಾತು ಇನ್ನೂ ಬರುತ್ತಲೇ ಇತ್ತು. “ಅಟ್ಟದಿಂದ ನನ್ ಬೂಟು ಇಳಿಸ್ಬೇಕು.”

ಪುಟ್ಟರಾಜು ಮೆಲ್ಲಗೆ ಅಡುಗೆಮನೆಯ ಕಡೆ ತಿರುಗಿದ. “ಮಂಜಿ?”

ಅವಳು ಗ್ಯಾಸ್ ಆರಿಸಿದಳು. ಸೀದ ಹಿಟ್ಟನ್ನು ಹಾಗೇ ಬಿಟ್ಟು, ಹಬೆಗೆ ತೊಯ್ದ ಮುಖದಲ್ಲೇ ಹೊರಗೆ ಬಂದು ಬುದ್ಧನ ಪಟದ ಕೆಳಗೆ ನಿಂತಳು.

“ನಾಳೆ ಎಷ್ಟೊತ್ಗೆ ಬರ್ಲಿ?”

ದನಿ ಒಡೆದಿತ್ತು, ಆದರೂ ಅವಳದೇ ಆಗಿತ್ತು. ಎದುರಿಗೆ ಕೂತಿದ್ದ ಸಿದ್ದೇಶನ ತುಟಿಗಳು ಅದೇ ಪ್ರಶ್ನೆಯನ್ನು ಕೇಳಿದವು, ಸದ್ದೇ ಇಲ್ಲದೆ.